ತಾಳ ಯಾಕ ಬಿಟ್ರಿ?

ಹಾಡಿನ ಎರಡನೇ ನುಡಿಯ ನಡುವೆ ಸಂಗಮೇಶ ಹಾರ್ಮೋನಿಯಂ ಮೇಲಿನ ಕೈ ಎತ್ತಿ, ಮೈಕಿನಲ್ಲೇ ಕೇಳಿಬಿಟ್ಟ.

"ಅಯ್ಯಾರ, ತಾಳ ಯಾಕ ಬಿಟ್ರಿ? ಕೈ ನೋಯಾಕತ್ತಾವೇನು?"

ತಿಕೋಟಾದ ಮಾಸ್ತರರೊಬ್ಬರ ನಿವೃತ್ತಿ ಸಮಾರಂಭ. ಬೆಳಗಿನ ಹನ್ನೊಂದು ಗಂಟೆ, ಶಾಮಿಯಾನದ ಕೆಳಗೆ ಇನ್ನೂರು ಜನ. ಸತ್ಕಾರಕ್ಕೆಂದು ತಂದ ಎರಡು ಎತ್ತರದ ಸಿಂಹಾಸನದ ಕುರ್ಚಿಗಳನ್ನು ವೇದಿಕೆಯ ನಟ್ಟನಡುವೆ ಇಟ್ಟಿದ್ದರು. ಅವುಗಳ ಈಚೆಗೆ ಹಾರ್ಮೋನಿಯಂ ಹಿಡಿದ ಸಂಗಮೇಶ, ಆಚೆಗೆ ಗುರುಪಾದಯ್ಯನವರು, ಅವರ ಹಿಂದೆ ತಬಲಾದ ರಾಮಲಿಂಗ. ಗುರುಪಾದಯ್ಯನವರನ್ನು ನೋಡಲು ಸಂಗಮೇಶ ಕುರ್ಚಿಯ ಬೆನ್ನು ದಾಟಿ ಬಗ್ಗಬೇಕಾಯಿತು. ಬಗ್ಗಿ ನೋಡಿದರೆ ಅವರ ಎರಡೂ ಕೈಯಲ್ಲಿ ಕಂಚಿನ ತಾಳಗಳು ಎದೆಯ ಮಟ್ಟದಲ್ಲೇ ಇದ್ದವು.

"ಬಾರಸಾಕತ್ತಿದ್ರಲ್ಲೋ ಯಪ್ಪಾ!" ಎಂದಳು ಮುಂದಿನ ಸಾಲಿನ ಮುದುಕಿ.

ರಾಮಲಿಂಗ ತಬಲಾದ ಮೇಲೆ ಪೌಡರ್ ಹಾಕುವವನಂತೆ ತಲೆ ತಗ್ಗಿಸಿದ. ಮುಂದೆ ಹಾಡುವವನ ತಪ್ಪನ್ನು ಹಿಮ್ಮೇಳದವರು ವೇದಿಕೆಯ ಮೇಲೆ ತೋರಿಸುವುದಿಲ್ಲ. ಅವನು ಓಡಿದರೆ ಓಡಬೇಕು, ನಿಂತರೆ ನಿಲ್ಲಬೇಕು. ಹದಿನಾಲ್ಕು ವರ್ಷಗಳಿಂದ ಆ ಮೂವರ ರೂಢಿ ಅದು. ಗುರುಪಾದಯ್ಯನವರಿಗೆ ಅರವತ್ಮೂರು ವರ್ಷ. ಅವರು "ತಪ್ಪಾತಪ್ಪಾ. ಹೊಡೀತೀನಿ, ನೀ ಹಾಡು" ಎಂದರು.

ಜನ ಗುಜುಗುಜು ಅನ್ನತೊಡಗಿದಾಗ ಸಂಗಮೇಶ ಹಾಡು ಬಿಟ್ಟು ಸಿನಿಮಾ ಹಿಡಿದ. ಅವನ ಕಾರ್ಯಕ್ರಮದಲ್ಲಿ ಹಾಡಿಗಿಂತ ಇದಕ್ಕೇ ಕಾಯುವವರಿದ್ದರು. ಹೊಸದಾಗಿ ಬಂದ ಹೊಡೆದಾಟದ ಸಿನಿಮಾ ಒಂದನ್ನೂ ಅವನು ಬಿಡುತ್ತಿರಲಿಲ್ಲ. ನೋಡಿ ಬಂದು ವೇದಿಕೆಯ ಮೇಲೆ ಅವುಗಳ ಮಾನ ಕಳೆಯುತ್ತಿದ್ದ.

"ಈಗಿನ ಪಿಚ್ಚರ್ ನೋಡೀರೇನ್ರಿ? ಹೀರೋ ಒಬ್ಬನ ಇನ್ನೂರು ಮಂದೀನ ಕಡೀತಾನ. ಎರಡು ತಾಸು ಬರೇ ಧಡ್ ಧಡ್ ಧಡ್. ಮಾತು ಒಂದರೆ ಕೇಳಸ್ತೈತೇನು? ಹೀರೋಯಿನ್ ಅಂತೂ ಮೀನಿನಂಗ ಬಾಯಿ ತಗೀತಾಳ, ಮುಚ್ಚತಾಳ. ಸೌಂಡ್ ಕೂಡ್ಸೂದ ಮರತಾರ ಅಂತೀನಿ!"

ಜನ ನಕ್ಕರು. ಶಾಮಿಯಾನದ ಹಿಂದೆ ಅಡುಗೆಯವರೂ ನಕ್ಕರು. ಸಂಗಮೇಶನ ಬೆನ್ನು ಮಾತ್ರ ಬೆವತು ಅಂಗಿ ಅಂಟಿಕೊಂಡಿತ್ತು.

ಅಥಣಿ ರಸ್ತೆಯಲ್ಲಿ ಸಂಗಮೇಶನದು ಹಿಟ್ಟಿನ ಗಿರಣಿ. ತಂದೆ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷಗಳಿಂದ ಅವನೇ ನಡೆಸುತ್ತಿದ್ದ. ಹಾಡು ಅವನಿಗೆ ಯಾರೂ ಕಲಿಸಿದ್ದಲ್ಲ. ಗಿರಣಿಯ ಮೋಟಾರು ಹೊರಡಿಸುವ ಗುಂಯ್ ಸದ್ದು ಹಾರ್ಮೋನಿಯಂನ 'ಕಪ್ಪು ಒಂದು' ಶ್ರುತಿಗೆ ಸರಿಯಾಗಿ ಕೂಡುತ್ತದೆಂದು ಇಪ್ಪತ್ನಾಲ್ಕರ ವಯಸ್ಸಿನಲ್ಲಿ ಅವನೇ ಕಂಡುಕೊಂಡಿದ್ದ. ಆವತ್ತಿನಿಂದ ಅದೇ ಅವನ ತಂಬೂರಿ. ಜೋಳ ಬೀಸುತ್ತ, ಮೋಟಾರಿಗೆ ಕಿವಿಗೊಟ್ಟು, ಅದನ್ನೂ ಮೀರಿ ಕೇಳುವಂತೆ ದಿನಕ್ಕೆ ಆರೇಳು ತಾಸು ಹಾಡುತ್ತಿದ್ದ. ಹಿಟ್ಟು ಒಯ್ಯಲು ಬಂದವರು ಡಬ್ಬಿ ತುಂಬಿದ ಮೇಲೂ ನಿಂತು ಕೇಳುತ್ತಿದ್ದರು.

ಆ ಬುಧವಾರ ಹೆಂಡತಿ ವಿದ್ಯಾವತಿಯನ್ನು ಹೊಸ ಸಿನಿಮಾಕ್ಕೆ ಕರೆದೊಯ್ದ. ಬಂದೂಕು, ಲಾರಿ, ಬೆಂಕಿ ಎಲ್ಲ ಮುಗಿಯುವ ಹೊತ್ತಿಗೆ ಪರದೆಯ ಮೇಲೆ ನಾಯಕನ ತಾಯಿ ಹಾಸಿಗೆಯಲ್ಲಿ ಮಲಗಿದ್ದಳು. ಅವಳ ತುಟಿಗಳು ಅಲುಗಿದವು. ಇಡೀ ಥಿಯೇಟರ್ ಸ್ತಬ್ಧವಾಯಿತು. ಸೀಟಿ ಹೊಡೆಯುತ್ತಿದ್ದ ಹುಡುಗರೂ ಸುಮ್ಮನಾದರು. ಸಂಗಮೇಶ ಪಕ್ಕಕ್ಕೆ ನೋಡಿದ. ವಿದ್ಯಾವತಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಹೊರಗೆ ಬಂದು ಬೈಕ್ ತೆಗೆಯುತ್ತ ಅವನು, "ನೋಡಿದಿಲ್ಲ? ಒಂದ ಮಾತು ಕೇಳಸಿದ್ರ ಹೇಳು. ಬರೇ ಗದ್ದಲ" ಎಂದ.

"ಎಲ್ಲಾ ಕೇಳಸ್ತಲ್ರಿ."

"ಆ ಮುದುಕಿ ಸಾಯೂ ಮುಂದ ಏನಂದ್ಳು, ಹೇಳು ನೋಡೂಣು."

"'ಉಂಡು ಹೋಗೋ' ಅಂದ್ಳು. ಮಗ ಬಂದೂಕು ಹಿಡಕೊಂಡು ಹೊಂಟಾನ. ಆಕಿ ಅದನ್ನ ನೋಡೂದ ಇಲ್ಲ. ಉಂಡು ಹೋಗೋ ಅಂತಾಳ." ವಿದ್ಯಾವತಿ ಬೈಕಿನ ಮೇಲೆ ಕೂಡದೆ ಅವನ ಮುಖವನ್ನೇ ನೋಡಿದಳು. "ನಿಮಗ ಖರೇನ ಕೇಳಸ್ಲಿಲ್ಲೇನ್ರಿ?"

"ಹಿಂದಿನವರು ಗದ್ದಲ ಮಾಡಾಕತ್ತಿದ್ರು."

"ಹಿಂದ ಯಾರೂ ಇದ್ದಿಲ್ರಿ. ನಾವ ಕಡೀ ಸಾಲು."

ಎರಡು ದಿನ ಬಿಟ್ಟು ಅವಳೇ ಹಟ ಹಿಡಿದು ಕಿವಿಯ ದವಾಖಾನೆಗೆ ಕರೆದೊಯ್ದಳು. ಅದಕ್ಕೂ ಮೊದಲು ಅವನು ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡಿದ್ದ, ಬಿಸಿನೀರಿನ ಹಬೆ ತೆಗೆದುಕೊಂಡಿದ್ದ. ಗಿರಣಿಯ ಬಾಗಿಲು ಹಾಕಿಕೊಂಡು ಒಂದು ಸ್ಟೀಲ್ ಲೋಟಕ್ಕೆ ಚಮಚೆ ಬಡಿದು ಬಡಿದು ಕೇಳಿದ್ದ. ಕೇಳಿಸಿತು ಎಂದುಕೊಂಡಿದ್ದ. ಭಾನುವಾರ ಬಬಲೇಶ್ವರದ ಶಾಲೆಯಲ್ಲಿ ಹಳೆಯ ವಿದ್ಯಾರ್ಥಿಗಳ ಗುರುವಂದನೆ. ಅವನ ಫೋಟೊ ಹಾಕಿ ಬ್ಯಾನರ್ ಕಟ್ಟಿಯಾಗಿತ್ತು. ಅಷ್ಟರೊಳಗೆ 'ಏನೂ ಆಗಿಲ್ಲ' ಎಂದು ಒಂದು ಕಾಗದದ ಮೇಲೆ ಯಾರಾದರೂ ಬರೆದುಕೊಟ್ಟರೆ ಸಾಕಿತ್ತು.

ಪರೀಕ್ಷೆ ಮಾಡುವವಳು ಮಿನಾಜ ಎಂಬ ಹುಡುಗಿ. ಗಾಜಿನ ಕಿಟಕಿಯಿದ್ದ ಸಣ್ಣ ಕೋಣೆಯಲ್ಲಿ ಅವನನ್ನು ಅಡ್ಡಕ್ಕೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟಳು. "ಸಣ್ಣದು ಇರ್ಲಿ, ದೊಡ್ಡದು ಇರ್ಲಿ, ಸಪ್ಪಳ ಕೇಳಸಿದ ಕೂಡ್ಲೆ ಒತ್ರಿ ಅಣ್ಣಾರ."

ಮೊದಲು ಬಂದ ದಪ್ಪ ಸದ್ದುಗಳು ಕೇಳಿಸಿದವು. ಆಮೇಲೆ ಏನೂ ಇಲ್ಲ. ಆದರೆ ಅವನ ಎದುರಿನ ಗೋಡೆಗೆ ತೂಗುಹಾಕಿದ್ದ ಕಿವಿಯ ಚಿತ್ರದ ಗಾಜಿನಲ್ಲಿ, ಹೊರಗೆ ಕೂತ ಮಿನಾಜಳ ಯಂತ್ರದ ಮೇಲಿನ ಬಲಗೈ ಕಾಣುತ್ತಿತ್ತು. ಅವಳ ಬೆರಳು ಒತ್ತಿದಾಗಲೆಲ್ಲ ಸಂಗಮೇಶನೂ ಒತ್ತಿದ. ಒಂದನ್ನೂ ತಪ್ಪಿಸಲಿಲ್ಲ. ನಲವತ್ತಾರು ವರ್ಷದ ಮನುಷ್ಯ ಉಸಿರು ಬಿಗಿಹಿಡಿದು, ಪರೀಕ್ಷೆಯಲ್ಲಿ ಪಕ್ಕದವನ ಪಾಟಿ ನೋಡುವವನ ಹಾಗೆ ಕೂತಿದ್ದ.

ಮಿನಾಜ ಎದ್ದು ಒಳಗೆ ಬಂದಳು. ಕುರ್ಚಿಯನ್ನು ಬರಿ ಗೋಡೆಯ ಕಡೆಗೆ ತಿರುಗಿಸಿದಳು.

"ಯಾಕ್ರಿ? ಎಲ್ಲಾ ಬರೋಬ್ಬರಿ ಒತ್ತೀನಲ್ರಿ?"

"ಹೌದ್ರಿ, ಎಲ್ಲಾ ಒತ್ತೀರಿ. ಕಡೀ ನಾಕು ಸರ್ತಿ ನಾ ಸಪ್ಪಳನ ಬಿಟ್ಟಿಲ್ಲ, ಬರೇ ಬಟ್ಟು ಆಡಿಸೀನಿ. ಅದಕ್ಕೂ ಒತ್ತೀರಿ." ಅವಳು ಸಿಟ್ಟಿನಿಂದ ಹೇಳಲಿಲ್ಲ. "ಇದು ನಿಮ್ಮ ಸಲುವಾಗಿ ಮಾಡೂದ್ರಿ, ಅಣ್ಣಾರ. ನನಗ ತೋರಸಾಕಲ್ಲ."

ಬರಿ ಗೋಡೆ ನೋಡುತ್ತ ಅವನು ಮತ್ತೆ ಕೂತ. ಬಹಳ ಹೊತ್ತು ಅವನ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಇತ್ತು.

ವರದಿಯ ಗೆರೆ ಕಾಗದದ ಎಡತುದಿಯಿಂದ ಸಮನಾಗಿ ಬಂದು, ಬಲತುದಿಯಲ್ಲಿ ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು. ಡಾಕ್ಟರು ಪೆನ್ನಿನ ತುದಿಯಿಂದ ತೋರಿಸಿದರು. ದಪ್ಪ ದನಿ ಕೇಳಿಸುತ್ತದೆ. ಹಕ್ಕಿ, ಗೆಜ್ಜೆ, ತಾಳ, ಹೆಂಗಸರ ಮೆಲುಮಾತು ಹೋಗಿದೆ. ಎರಡೂ ಕಿವಿಯಲ್ಲಿ ಒಂದೇ ಲೆಕ್ಕ. ಹೋದದ್ದು ಬರುವುದಿಲ್ಲ. ಯಂತ್ರ ಹಾಕಿಕೊಂಡರೆ ಮಾತು ತಿಳಿದೀತು, ಹಾಡಿನ ಬಗ್ಗೆ ಹೇಳಲಾಗದು.

"ಏನ್ ಉದ್ಯೋಗ ನಿಮ್ದು?"

"ಗಿರಣಿ ಅದ್ರಿ."

ಡಾಕ್ಟರು ತಲೆಯಾಡಿಸಿ ಬರೆದುಕೊಂಡರು. ಮೋಟಾರಿಗೆ ಕಿವಿಗೊಟ್ಟು ಹಾಡು ಕಲಿತದ್ದನ್ನು ಸಂಗಮೇಶ ಹೇಳಲಿಲ್ಲ.

ಶನಿವಾರ ಬೆಳಿಗ್ಗೆ ಇಟ್ಟಂಗಿಹಾಳದ ಗುರುಪಾದಯ್ಯನವರ ಮನೆಗೆ ಹೋದ. ಅವರು ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನಿಂದ ತಾಳಗಳನ್ನು ತಿಕ್ಕುತ್ತಿದ್ದರು. ರಾಮಲಿಂಗನೂ ಇದ್ದ. ನಾಳೆ ಒಯ್ಯಬೇಕಾದ ಮೈಕಿನ ಸಾಮಾನನ್ನು ತನ್ನ ಟಂಟಂ ಗಾಡಿಗೆ ಏರಿಸುತ್ತಿದ್ದ.

"ಬಬಲೇಶ್ವರದವರಿಗೆ ಫೋನ್ ಮಾಡಿ ಬರೂದಿಲ್ಲ ಅಂತ ಹೇಳ್ರಿ ಅಯ್ಯಾರ. ನನ್ನ ಕಿವಿ ಹೋಗ್ಯಾವ" ಎಂದು ನಿಂತಲ್ಲೇ ಹೇಳಿದ. ಹೇಳಿ ಇಬ್ಬರ ಮುಖ ನೋಡಿದ. ಇಬ್ಬರಿಗೂ ಆಶ್ಚರ್ಯವಾಗಲಿಲ್ಲ.

"ನಿಮಗ ಗೊತ್ತಿತ್ತು!"

ರಾಮಲಿಂಗ ಪೆಟ್ಟಿಗೆ ಕೆಳಗಿಟ್ಟ. "ಎರಡು ವರ್ಷ ಆತಲೇ. ನಿಡೋಣಿ ಕಾರ್ಯಕ್ರಮದಾಗ ನೀ ಬಸ್ ತಪ್ಪಿದವರಂಗ ಓಡಿದಿ. ನಾನೂ ಬೆನ್ನು ಹತ್ತಿ ಓಡಿದೆ. ಬಟ್ಟು ಬಾತು ಎರಡು ದಿನ ಊಟ ಮಾಡಾಕ ಬರಲಿಲ್ಲ."

"ಬಾಯಿ ಸತ್ತಿತ್ತೇನ್ಲೇ ನಿಂದು? ಹೇಳಾಕ ಏನಾಗಿತ್ತು?"

"ಹೇಳಿದ್ರ ನೀ ಹಾಡತಿದ್ದೇನು?" ಎಂದರು ಗುರುಪಾದಯ್ಯನವರು.

ಸಂಗಮೇಶ ಕಟ್ಟೆಯ ಅಂಚಿಗೆ ಕುಸಿದು ಕೂತ. "ಮತ್ತ ಎರಡು ವರ್ಷ ಹ್ಯಾಂಗ ಹಾಡಿದೆ ನಾನು? ನಿಡೋಣಿ ಆದ ಮ್ಯಾಲೆ ಲಯ ತಪ್ಪಿಲ್ಲಲ್ರಿ?"

ಗುರುಪಾದಯ್ಯನವರು ತಾಳಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಕೈ ಅಗಲಿಸಿ, ಒಂದು ಸಲ ಕೂಡಿಸಿದರು. ಮೊದಲು ಅವರು ತೊಡೆಯ ಮೇಲೆ ಕೈ ಇಟ್ಟುಕೊಂಡು, ಯಾರಿಗೂ ಕಾಣದ ಹಾಗೆ ಬಾರಿಸುತ್ತಿದ್ದರು. ಅದು ಯಾವಾಗ ಬದಲಾಯಿತೆಂದು ಸಂಗಮೇಶ ನೆನಪು ಮಾಡಿಕೊಳ್ಳಲು ನೋಡಿದ. ತಿಕೋಟಾದಲ್ಲಿ ಆ ಕೈಗಳನ್ನು ಮರೆಮಾಡಿದ್ದ ಎತ್ತರದ ಕುರ್ಚಿಗಳು ಕಣ್ಣ ಮುಂದೆ ಬಂದವು.

"ಮುನ್ನೂರು ಮಂದಿ ಎದುರಿಗೆ ನಿಮಗ ಅಂದ್ನಲ್ರಿ" ಎಂದ.

"ಇನ್ನೂರು ಮಂದಿ" ಎಂದರು ಗುರುಪಾದಯ್ಯನವರು. "ನಾಳೆ ಮೂರಕ್ಕ ಬಾ."

ಬಬಲೇಶ್ವರದ ಶಾಲೆಯ ಅಂಗಳದಲ್ಲಿ ನಾಲ್ಕು ಗಂಟೆಗೆ ಬಿಸಿಲು ಇನ್ನೂ ಇತ್ತು. ರಾಮಲಿಂಗ ಮೊದಲೇ ಹೋಗಿ ವೇದಿಕೆಯ ಮೇಲಿನ ಹೂಕುಂಡಗಳನ್ನೆಲ್ಲ ಕೆಳಗಿಳಿಸಿದ್ದ. "ಚಂದ ಕಾಣತಿದ್ವಲ್ರಿ" ಎಂದ ಸಂಘಟಕನಿಗೆ, "ನಮ್ಮ ಮಾರಿ ಅವಕಿಂತ ಚಂದ ಅದಾವ ಬಿಡ್ರಿ" ಎಂದಿದ್ದ. ಕೂತ ಜನರಲ್ಲಿ ವಿದ್ಯಾವತಿಯೂ ಇದ್ದಳು.

"ಮೊದಲ ಪಿಚ್ಚರ್ ಹೇಳ್ರಿ!" ಎಂದು ಹಿಂದಿನಿಂದ ಕೂಗು ಬಂತು.

ಸಂಗಮೇಶ ಮೈಕಿನ ಹತ್ತಿರ ಬಾಯಿ ತಂದ. "ಮೊನ್ನೆ ಒಂದು ನೋಡಿದ್ನಿರಿ. ಧಡ್ ಧಡ್ ಇತ್ತು, ಬ್ಯಾರೆ ಮಾತಿಲ್ಲ. ಆದ್ರ ಕಡೀಕ ಆ ಹೀರೋನ ತಾಯಿ ಒಂದ ಮಾತು ಹೇಳತಾಳ. 'ಉಂಡು ಹೋಗೋ' ಅಂತಾಳ. ಅಷ್ಟ. ಮೆತ್ತಗ ಅಂತಾಳಂತ."

ನಗಲು ಸಿದ್ಧರಾಗಿದ್ದವರು ನಗಲಿಲ್ಲ. ಅವನು ಹಾರ್ಮೋನಿಯಂ ತಿದಿ ತೆರೆದ.

ಪದ ಎತ್ತುವಾಗ ಕಣ್ಣು ಮುಚ್ಚುವುದು ಅವನ ಮೊದಲಿನ ಚಾಳಿ. ರೆಪ್ಪೆಗಳು ತಾವಾಗಿಯೇ ಇಳಿಯತೊಡಗಿದವು, ಗಕ್ಕನೆ ತೆರೆದ. ಗುರುಪಾದಯ್ಯನವರು ಕೂತ ಚಾಪೆಯನ್ನು ಅವನ ಎದುರಿಗೆ, ವೇದಿಕೆಯ ಅಂಚಿಗೆ ಎಳೆದುಕೊಂಡು ಪೂರ್ತಿ ಅವನ ಕಡೆಗೆ ತಿರುಗಿದರು. ಅವರ ಕೈಯಲ್ಲಿ ಎರಡು ಕಂಚಿನ ಬಿಲ್ಲೆಗಳು ಅಗಲಿದವು, ಕೂಡಿದವು, ಸಂಜೆಯ ಬಿಸಿಲಿಗೆ ಹೊಳೆದವು. ಸದ್ದಿಲ್ಲ. ಅಗಲಿದವು, ಕೂಡಿದವು. ಸಂಗಮೇಶ ರೆಪ್ಪೆ ಬಡಿಯದೆ ಹಾಡಿದ. ಕಣ್ಣು ಉರಿದು ನೀರು ಇಳಿಯಿತು. ಒರೆಸಲು ಕೈ ಬಿಡುವಿರಲಿಲ್ಲ.

ಬಿಸಿಲು ಶಾಲೆಯ ಗೋಡೆ ಏರುತ್ತಿತ್ತು. ಅಂಗಳದಲ್ಲಿ ಕೂತವರಿಗೆ ಗುರುಪಾದಯ್ಯನವರದು ಬೆನ್ನಷ್ಟೇ ಕಾಣುತ್ತಿತ್ತು.