ಬಲಬದಿಯ ಪಟ್ಟಿ

ಬಸ್ಸು ಓಡಿಸಬೇಡಿ ಎಂದು ಡಾಕ್ಟರರು ಹೇಳಿದ ಮೇಲೆ ಶಂಭುವಿಗೆ ಮನೆಯಲ್ಲಿ ಕೂರುವುದು ಹೇಗೆಂದೇ ಗೊತ್ತಾಗಲಿಲ್ಲ. ಮೂಡುಬಿದಿರೆಯಿಂದ ಸಿದ್ಧಕಟ್ಟೆ ಮಾರ್ಗವಾಗಿ ಬಿ.ಸಿ.ರೋಡಿಗೆ ಹೋಗುವ ಸರ್ವಿಸ್ ಬಸ್ಸನ್ನು ಅವನು ಅರ್ಧ ಆಯುಷ್ಯ ಓಡಿಸಿದ್ದ. ಒಂದು ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲಿಸಿ ಇಳಿಯುವಾಗ ನೆಲ ಗಿರ್ರನೆ ತಿರುಗಿತು. ಬಾಗಿಲ ಕಂಬಿ ಹಿಡಿದು ಹಾಗೇ ಕುಸಿದು ಕುಳಿತ. ಮಂಗಳೂರಿನ ಡಾಕ್ಟರರು ನೋಡಿ, ಇದು ಕಿವಿಯೊಳಗಿನ ತೊಂದರೆ, ಮಳೆಗಾಲ ಮುಗಿಯುವ ತನಕ ಸ್ಟಿಯರಿಂಗ್ ಮುಟ್ಟಬೇಡಿ, ಆಮೇಲೆ ಬನ್ನಿ ನೋಡುವ ಎಂದರು.

ಮನೆಯಲ್ಲಿದ್ದರೂ ಅವನ ಕಿವಿ ರಸ್ತೆಯಲ್ಲೇ ಇತ್ತು. ದೂರದಲ್ಲಿ ಹಾರ್ನ್ ಕೇಳಿದರೆ ಸಾಕು, ಅಂಗಳಕ್ಕೆ ಬಂದು, ಅದು ಯಾವ ಬಸ್ಸು, ಯಾರು ಡ್ರೈವರ್, ಎಷ್ಟು ತಡ ಎಂದು ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಚೆನ್ನಾಗಿಯೇ ಇದ್ದ ಗೇಟನ್ನು ಬಿಚ್ಚಿ ಪುನಃ ಸಿಕ್ಕಿಸಿದ. ಹೆಂಡತಿ ಕಾಂತಿ ಸಿದ್ಧಕಟ್ಟೆಯ ಹಾಲಿನ ಸೊಸೈಟಿಯಲ್ಲಿ ಕೆಲಸಕ್ಕಿದ್ದಳು. ಒಂದು ಸಂಜೆ ಅವಳು ಬಂದು ನೋಡಿದರೆ ಅಡುಗೆಮನೆಯ ಡಬ್ಬಿಗಳೆಲ್ಲ ಜಾಗ ಬದಲಿಸಿದ್ದವು. ನೀವು ಬೇರೆ ಏನಾದರೂ ಕೆಲಸ ಹುಡುಕದಿದ್ದರೆ ನನಗೂ ತಲೆ ತಿರುಗಲು ಶುರುವಾಗುತ್ತದೆ ಎಂದಳು.

ಆಗ ಅವನಿಗೆ ನೆನಪಾದದ್ದು ಒಂದು ಹಳೆಯ ಫಿಯಟ್ ಕಾರು. ಮೂಡುಬಿದಿರೆಯ ಒಬ್ಬ ವಕೀಲರ ಶೆಡ್ಡಿನಲ್ಲಿ ಅದು ವರ್ಷಗಟ್ಟಲೆ ನಿಂತಲ್ಲೇ ನಿಂತಿತ್ತು. ವಕೀಲರು ತೀರಿಹೋದ ಮೇಲೆ ಮನೆಯವರು ಅದನ್ನು ಗುಜರಿಗೆ ಹಾಕುವುದರಲ್ಲಿದ್ದರು. ಶಂಭು ಕೇಳಿದ, ಅವರು ಕೊಟ್ಟರು. ಟೆಂಪೋದಲ್ಲಿ ಹೇರಿಸಿ ಬಂಟ್ವಾಳ ಪೇಟೆಯ ಉಮ್ಮರನ ಟಿಂಕರಿಂಗ್ ಶೆಡ್ಡಿಗೆ ತಂದಿಳಿಸಿದ. ಜಜ್ಜಿದ, ತುಕ್ಕು ಹಿಡಿದ ಬಸ್ಸುಗಳನ್ನು ಬಡಿದು ಸರಿಮಾಡುವ ಉಮ್ಮರ್ ಅವನಿಗೆ ಹಳೆಯ ಪರಿಚಯ.

ಉಮ್ಮರ್ ಕಾಲಡಿಯ ಮ್ಯಾಟ್ ಎಳೆದಾಗ ಅದರ ಜತೆಗೆ ಕಾರಿನ ತಳವೂ ಪುಡಿಪುಡಿಯಾಗಿ ಎದ್ದು ಬಂತು. ಡ್ರೈವರ್ ಸೀಟಿನ ಮುಂದೆ ಎರಡು ಪಾದ ಹಾಯುವಷ್ಟು ದೊಡ್ಡ ತೂತು, ಕೆಳಗೆ ಶೆಡ್ಡಿನ ಮಣ್ಣು ಕಾಣುತ್ತಿತ್ತು. ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೊಳ್ಳು ಪಟ್ಟಿಗಳಿಗೆ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿದರೆ ಅದು ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ಬಸ್ಸಿಗಾದರೆ ಕೆಳಗೆ ಚಾಸಿಯ ಗಟ್ಟಿ ಚೌಕಟ್ಟು ಇರುತ್ತದೆ, ಈ ಕಾರಿಗೆ ಮೈಯೇ ಬೆನ್ನೆಲುಬು, ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಒಟ್ಟಿಗೆ ಹಿಡಿದಿಟ್ಟಿರುವುದು ಈ ಎರಡು ಪಟ್ಟಿಗಳು, ಹಾಗಾಗಿ ಒಂದು ಬದಿ ಪೂರ್ತಿ ಮುಗಿಯದೆ ಇನ್ನೊಂದು ಬದಿ ಮುಟ್ಟಲಿಕ್ಕಿಲ್ಲ ಎಂದು ಉಮ್ಮರ್ ವಿವರಿಸಿದ. ಶಂಭು ಕೇಳಿದ್ದು ಒಂದೇ ಮಾತು. ಮಳೆ ಮುಗಿಯುವುದರೊಳಗೆ ಆಗ್ತದಾ?

ಅಲ್ಲಿಂದ ಅವನು ದಿನಾ ಬೆಳಿಗ್ಗೆಯ ಬಸ್ಸಿನಲ್ಲಿ ಬಂಟ್ವಾಳಕ್ಕೆ ಹೋಗತೊಡಗಿದ. ಕಾಂತಿ ಇಬ್ಬರಿಗೂ ಬುತ್ತಿ ಕಟ್ಟಿ ಕಳುಹಿಸುತ್ತಿದ್ದಳು. ಉಮ್ಮರನ ಕೆಲಸ ನಿಧಾನ. ಕೊಳೆತ ತಗಡನ್ನು ಕತ್ತರಿಸಿ, ಗಟ್ಟಿ ಅಂಚು ಸಿಗುವ ತನಕ ಉಜ್ಜಿ, ರಟ್ಟಿನಲ್ಲಿ ಅಳತೆ ತೆಗೆದು, ಹೊಸ ಶೀಟನ್ನು ಬಡಿದು ಮಡಚಿ, ಅಲ್ಲಲ್ಲಿ ಚುಕ್ಕೆಯ ಹಾಗೆ ವೆಲ್ಡಿಂಗ್ ಇಟ್ಟು ಆರಲು ಬಿಡುತ್ತಿದ್ದ. ಒಂದೇ ಸಲಕ್ಕೆ ಬೆಂಕಿ ಕೊಟ್ಟರೆ ತಗಡು ಸುರುಟುತ್ತದೆ ಎನ್ನುತ್ತಿದ್ದ. ಹೊರಗೆ ಮಳೆ, ನೇತ್ರಾವತಿ ತುಂಬಿ ಕೆಳಗಿನ ಪೇಟೆಯ ಅಂಗಡಿಗಳ ಮೆಟ್ಟಿಲಿಗೆ ಬಂದಿತ್ತು. ಸಂಜೆ ಉಜ್ಜಿ ಹೊಳೆಯುವಂತೆ ಮಾಡಿದ ಕಬ್ಬಿಣ ಪ್ರೈಮರ್ ಬಳಿಯದಿದ್ದರೆ ಬೆಳಿಗ್ಗೆಗೆ ಮತ್ತೆ ಕೆಂಪಗೆ ಕಾಣುತ್ತಿತ್ತು. ಶಂಭು ಸ್ಟೂಲಿನಲ್ಲಿ ಕುಳಿತು ಏಳುವನು, ಬಾಗಿಲ ತನಕ ಹೋಗಿ ಬರುವನು, ಇನ್ನೆಷ್ಟುಂಟು ಎಂದು ಕೇಳುವನು. ಮಳೆ ಬಿಟ್ಟ ಕೂಡಲೇ ಈ ಕಾರಿನಲ್ಲಿ ಒಂದು ಸುತ್ತು ಹೋಗಿ, ಕೈ ಸರಿಯಿದೆ ಎಂದು ತನಗೇ ತೋರಿಸಿಕೊಂಡು ಡಾಕ್ಟರರ ಎದುರು ನಿಲ್ಲುವುದೆಂದು ಅವನು ಮನಸ್ಸಿನಲ್ಲೇ ನಿಶ್ಚಯಿಸಿದ್ದ. ಈ ನಡುವೆ ತಲೆ ಮತ್ತೆ ಎರಡು ಸಲ ತಿರುಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ತಳ ಮುಗಿಯಿತು, ಎಡಬದಿಯ ಪಟ್ಟಿಯೂ ಮುಗಿಯಿತು. ಅಷ್ಟರಲ್ಲಿ ಬೆಳ್ತಂಗಡಿಯಲ್ಲಿ ಉಮ್ಮರನ ತಂಗಿಯ ಮಗಳ ಮದುವೆ ಬಂತು. ಅವನು ಶೆಡ್ಡಿನ ಬೀಗದ ಕೈಯನ್ನು ಶಂಭುವಿಗೆ ಕೊಟ್ಟು, ಬೇಕಾದರೆ ತಳಕ್ಕೆ ಇನ್ನೊಂದು ಕೋಟು ಪ್ರೈಮರ್ ಬಳಿಯಿರಿ, ಬಲಬದಿ ಮಾತ್ರ ಮುಟ್ಟಬೇಡಿ, ನಡುವಿಗೆ ಜಾಕಿ ಕೊಟ್ಟು, ಬಾಗಿಲ ಜಾಗಕ್ಕೆ ಅಡ್ಡ ಕಬ್ಬಿಣ ಬಿಗಿದ ಮೇಲೆಯೇ ಅದನ್ನು ಕತ್ತರಿಸುವುದು ಎಂದು ಹೇಳಿ ಹೋದ.

ಮೊದಲ ದಿನ ಶಂಭು ಪ್ರೈಮರ್ ಬಳಿದ. ಎರಡನೆಯ ದಿನ ಬಳಿಯಲು ಏನೂ ಉಳಿದಿರಲಿಲ್ಲ. ಅಂಗಡಿಯಲ್ಲಿ ಚಹಾ ಕುಡಿದು ಬಂದ, ಪೇಪರು ಓದಿದ, ಕಾರಿಗೆ ಒಂದು ಸುತ್ತು ಬಂದ. ಕೊಳೆತ ತುಂಡನ್ನು ಕತ್ತರಿಸಿಟ್ಟರೆ ಉಮ್ಮರನಿಗೆ ಒಂದು ದಿನದ ಕೆಲಸ ಉಳಿಯುತ್ತದೆ, ಸ್ವಲ್ಪವೇ ಕತ್ತರಿಸಿದರೆ ಏನಾಗುತ್ತದೆ ಎಂದುಕೊಂಡ. ಗ್ರೈಂಡರಿನ ಸ್ವಿಚ್ ಹಾಕಿದ.

ಸ್ವಲ್ಪಕ್ಕೆ ನಿಲ್ಲಿಸಲು ಅವನ ಕೈ ಕೇಳಲಿಲ್ಲ. ಕಿಡಿ ಹಾರುತ್ತಾ ತುಕ್ಕು ತಗಡು ತುಂಡುತುಂಡಾಗಿ ಬೀಳುವುದನ್ನು ನೋಡುವಾಗ ಎಷ್ಟೋ ದಿನಗಳ ನಂತರ ಏನೋ ಮುಂದೆ ಹೋಗುತ್ತಿದೆ ಎಂದು ಸಮಾಧಾನವಾಗುತ್ತಿತ್ತು. ಹಿಂದಿನ ಚಕ್ರದ ಹತ್ತಿರ ಕೊನೆಯ ಅಂಚು ಬಿಟ್ಟಾಗ ಕಾರಿನೊಳಗೆಲ್ಲೋ ಕಿರ್ರ್ ಎಂಬ ಶಬ್ದ ಬಂತು. ಗ್ರೈಂಡರ್ ನಿಲ್ಲಿಸಿ ನೋಡಿದರೆ ಎರಡು ತುದಿಗಳಲ್ಲಿ ಮಾತ್ರ ಆಧಾರವಿದ್ದ ಕಾರು ನಡುವಿನಲ್ಲಿ ಕುಸಿದಿತ್ತು. ಬಲಬದಿಯ ಬಾಗಿಲನ್ನು ಎಳೆದರೆ ಬರಲಿಲ್ಲ. ಮೇಲ್ಗಡೆ ಸಂದು ಮುಚ್ಚಿ ತಗಡಿಗೆ ತಗಡು ಕಚ್ಚಿಕೊಂಡಿತ್ತು. ಅವನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಆಗಲೇ ತಲೆ ತಿರುಗಿದ್ದು. ಶೆಡ್ಡಿನ ಮಾಡು, ಕಾರು, ಬಾಗಿಲ ಬೆಳಕು ಒಂದರ ಮೇಲೊಂದು ಹೊರಳಿದವು. ಗ್ರೈಂಡರ್ ಕೈಯಲ್ಲಿ ಇರಲಿಲ್ಲ, ಅಷ್ಟೇ ಪುಣ್ಯ. ಕಾರಿಗೆ ಒರಗಿ ನೆಲದಲ್ಲಿ ಕುಳಿತು, ಕಣ್ಣು ಮುಚ್ಚಿ, ತಿರುಗುವುದು ನಿಂತ ಮೇಲೆ ಉಮ್ಮರನಿಗೆ ಫೋನ್ ಮಾಡಿದ.

ಉಮ್ಮರ್ ಮದುವೆಯ ಬಿಳಿ ಅಂಗಿಯಲ್ಲೇ ಬೆಳ್ತಂಗಡಿಯಿಂದ ಬಂದ. ಕೈಯಲ್ಲಿ ಬಿರಿಯಾನಿಯ ಕಟ್ಟು. ಬಾಗಿ ನೋಡಿದ, ದೂರ ನಿಂತು ಕಾರಿನ ಮಾಡಿನ ಗೆರೆಯನ್ನು ಕಣ್ಣಲ್ಲೇ ಅಳೆದ. ಬೈಯುತ್ತಾನೆ ಎಂದು ಶಂಭು ಕಾದ.

"ತಗಡು ಅಲ್ವಾ, ಎತ್ತಿದರೆ ಏಳ್ತದೆ," ಎಂದ ಉಮ್ಮರ್. "ಶಂಭಣ್ಣ, ನೀವು ಯಾಕೆ ನೆಲದಲ್ಲಿ ಕೂತದ್ದು?"

ಶಂಭು ಹೇಳಬಾರದೆಂದಿದ್ದ. ಆದರೆ ಎದ್ದು ನಿಲ್ಲಲು ಧೈರ್ಯವಾಗದೆ ಹೇಳಿಬಿಟ್ಟ. ಮೊದಲಿನ ಎರಡು ಸಲದ್ದನ್ನೂ ಹೇಳಿದ.

"ಕಾಂತಕ್ಕನಿಗೆ ಗೊತ್ತುಂಟಾ?"

"ಇಲ್ಲ."

"ಇವತ್ತೇ ಹೇಳಿ. ಹೇಳದಿದ್ದರೆ ನಾಳೆಯಿಂದ ಈ ಶೆಡ್ಡಿಗೆ ಬರುವುದು ಬೇಡ. ನಾನು ಈ ಕಾರು ಸರಿ ಮಾಡಿ ನಿಮ್ಮ ಕೈಗೆ ಕೊಟ್ಟು, ನೀವು ಅದನ್ನು ಎಲ್ಲಿಗಾದರೂ ಗುದ್ದಿದರೆ, ನಾನು ಅವರ ಮುಖ ನೋಡುವುದು ಹೇಗೆ?"

ಇಬ್ಬರೂ ಬಿರಿಯಾನಿ ತಿಂದರು. ಬಸ್ಸಿಗೆ ಹತ್ತಿಸುವ ತನಕ ಉಮ್ಮರ್ ಅವನ ಜತೆಗೇ ಬಂದ.

ಮನೆಯಲ್ಲಿ ಶಂಭು ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದ. ಕಾಂತಿ ಒಲೆ ಆರಿಸಿದಳು. ಅವಳು ಅಳುತ್ತಾಳೆ, ಇಲ್ಲವೆ ಕೂಗಾಡುತ್ತಾಳೆ ಎಂದು ಅವನು ಎಣಿಸಿದ್ದ.

"ನೀವು ಬಸ್ಸು ಬಿಡುವಾಗ ಒಳಗೆ ಎಷ್ಟು ಜನ ಇರ್ತಾರೆ?" ಎಂದು ಕೇಳಿದಳು.

ಬೆಳಿಗ್ಗೆಯ ಹೊತ್ತಿಗಾದರೆ ಫುಟ್‌ಬೋರ್ಡಿನಲ್ಲೂ ನೇತಾಡುವ ಕಾಲೇಜು ಮಕ್ಕಳು ಶಂಭುವಿನ ಕಣ್ಣ ಮುಂದೆ ಬಂದರು. ಅವಳು ಆ ವಾರ ಸೊಸೈಟಿಗೆ ರಜೆ ಹಾಕಿ ಅವನನ್ನು ಮಂಗಳೂರಿಗೆ ಕರೆದುಕೊಂಡು ಹೋದಳು. ಡಾಕ್ಟರರು ಮದ್ದು ಬದಲಿಸಿದರು, ತಲೆ ತಿರುಗುವುದು ಹತೋಟಿಗೆ ಬರುತ್ತದೆ, ಆದರೆ ಬಸ್ಸಿನ ಆಸೆ ಇನ್ನು ಬಿಟ್ಟುಬಿಡಿ ಎಂದರು. ಬರುವಾಗ ದಾರಿಯುದ್ದಕ್ಕೂ ಶಂಭು ಕಿಟಕಿಯ ಹೊರಗೆ ನೋಡುತ್ತಿದ್ದ. ಬಿ.ಸಿ.ರೋಡಿನಲ್ಲಿ ಅವನ ಗೆಳೆಯರಾದ ಡ್ರೈವರುಗಳು ಕೈ ಬೀಸಿದರು. ಅವನು ಕಾಣದವನಂತೆ ಇದ್ದ.

ಆದರೂ ಮರುದಿನ ಅವನು ಶೆಡ್ಡಿಗೆ ಹೋದ, ಮನೆಯಲ್ಲಿ ಕೂತು ಏನು ಮಾಡುವುದು. ಉಮ್ಮರ್ ಕಾರಿನ ನಡುವಿಗೆ ಹಲಗೆ ಇಟ್ಟು ಜಾಕಿ ಕೊಟ್ಟ. ಜಾಕಿ ಕೂದಲೆಳೆಯಷ್ಟು ಏರಿದಾಗಲೊಮ್ಮೆ ಶಂಭು ಬಾಗಿಲ ಸಂದು ನೋಡಿ ಹೇಳಬೇಕು, ಉಳಿದ ಹೊತ್ತು ಮಿಸುಕದೆ ಕೂರಬೇಕು, ಕಾರಿಗೆ ಒರಗಬಾರದು. ಇಡೀ ಬೆಳಗ್ಗೆ ಹಾಗೆ ಹೋಯಿತು. ಅವನ ಬೆರಳುಗಳು ತೊಡೆಯ ಮೇಲೆ ತಾಳ ಹಾಕುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಬಾಗಿಲು ತಾನಾಗಿ ತೆರೆದು ಬಂತು. ಇನ್ನಷ್ಟು ಎತ್ತಿ ಇಳಿಸಿ ಚಿಲಕ ಸರಿಯಾಗಿ ಬೀಳುವ ಹದಕ್ಕೆ ತಂದು, ಅಡ್ಡ ಕಬ್ಬಿಣ ಬಿಗಿದು, ಹೊಸ ಪಟ್ಟಿಯನ್ನು ಇಂಚಿಂಚಾಗಿ ವೆಲ್ಡ್ ಮಾಡಿದರು. ಶಂಭುವೇ ತಗಡು ಹಿಡಿದ.

ಕಾಂತಿ ಬಿ.ಸಿ.ರೋಡಿನ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದು ಅದೇ ತಿಂಗಳು. ಕಾರು ಇದ್ದು ಬಿಡುವವರಿಲ್ಲದಿದ್ದರೆ ಹೇಗೆ ಎಂದಷ್ಟೇ ಹೇಳಿದಳು. ಲೈಸೆನ್ಸ್ ಸಿಕ್ಕಿದ ಮೇಲೂ ಸ್ಟಿಯರಿಂಗ್ ಪಕ್ಕದ ಆ ಹಳೇ ಕಾಲದ ಗೇರನ್ನು ಶಾಲೆಯ ಮೈದಾನದಲ್ಲಿ ಹಲವು ಆದಿತ್ಯವಾರ ಕಲಿತಳು. ಚಳಿ ಬೀಳುವ ಹೊತ್ತಿಗೆ ಫಿಯಟ್ ಮೊದಲ ಸಲ ಮೂಡುಬಿದಿರೆಯ ರಸ್ತೆಗೆ ಇಳಿಯಿತು.

ಎಡಗಡೆಯ ಸೀಟಿನಲ್ಲಿ ಶಂಭುವಿಗೆ ಬಾಯಿ ಮುಚ್ಚಲಾಗಲಿಲ್ಲ. ಗೇರು ಇಳಿಸು, ಹಾರ್ನ್ ಹಾಕು, ರಿಕ್ಷಾ ಬರ್ತಾ ಉಂಟು, ಕ್ಲಚ್ಚಿನಿಂದ ಕಾಲು ತೆಗೆ. ತಿರುವಿನಲ್ಲಿ ಒಮ್ಮೆ ಕೈ ಚಾಚಿ ಸ್ಟಿಯರಿಂಗನ್ನೇ ಹಿಡಿದ. ಕಾಂತಿ ಸ್ವಲ್ಪ ಮುಂದೆ ಹೋಗಿ, ಬಸ್ಸು ನಿಲ್ಲುವ ಒಂದು ಕಟ್ಟೆಯ ಹತ್ತಿರ ಕಾರು ನಿಲ್ಲಿಸಿದಳು.

"ನೀವು ಇಲ್ಲಿ ಇಳಿಯಿರಿ. ಮೂಡುಬಿದಿರೆಗೆ ಬಸ್ಸಿನಲ್ಲಿ ಬನ್ನಿ," ಎಂದಳು. ಸಿಟ್ಟು ಮಾಡಿಯೂ ಹೇಳಲಿಲ್ಲ, ನಗುತ್ತಲೂ ಹೇಳಲಿಲ್ಲ.

ಅವನು ಇಳಿದ. ಕಾರು ಹೋಯಿತು. ಹಿಂದೆಯೇ ಬಂದ ಬಸ್ಸಿಗೆ ಕೈ ತೋರಿಸಿ ಹತ್ತಿದರೆ ಡ್ರೈವರ್ ರಂಜಿತ್ ಪರಿಚಯದವನೇ. ಇಂಜಿನ್ ಪಕ್ಕ ಕುಳಿತ ಸ್ವಲ್ಪದರಲ್ಲೇ ಮುಂದೆ ಮೆಲ್ಲಗೆ ಹೋಗುತ್ತಿದ್ದ ಫಿಯಟ್ ಕಾಣಿಸಿತು. ರಂಜಿತನ ಕೈ ಹಾರ್ನಿಗೆ ಹೋಯಿತು.

"ಹಾರ್ನ್ ಬೇಡ ಮಾರಾಯ," ಎಂದ ಶಂಭು. "ಹಿಂದೆಯೇ ಹೋಗು."

"ನನ್ನ ಹಿಂದೆ ಇನ್ನೊಂದು ಬಸ್ಸುಂಟು ಶಂಭಣ್ಣ. ಟೈಮಿಂಗ್ ನಿಮಗೆ ಗೊತ್ತಿಲ್ವಾ?"

"ಗೊತ್ತುಂಟು. ಸ್ವಲ್ಪ ಹೋಗು."

ರಂಜಿತ್ ಎರಡು ತಿರುವು ತಾಳಿದ. ಆಮೇಲೆ ರಸ್ತೆ ನೇರವಾದ ಕಡೆ ಹಾರ್ನ್ ಹಾಕದೆಯೇ ಬದಿಯಿಂದ ಮುಂದೆ ನುಗ್ಗಿಸಿದ. ಶಂಭು ಎದ್ದು ಕಿಟಕಿಯಿಂದ ಬಗ್ಗಿ ನೋಡಿದ. ಕಾಂತಿ ಎರಡೂ ಕೈಯಲ್ಲಿ ಸ್ಟಿಯರಿಂಗ್ ಬಿಗಿಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು. ಬಸ್ಸಿನ ಕಡೆ ತಿರುಗಲಿಲ್ಲ. ಮೂಡುಬಿದಿರೆಯ ಸ್ಟ್ಯಾಂಡಿನಲ್ಲಿ ಇಳಿದವನು ಚಹಾ ಕುಡಿಯಲು ಕರೆದವರಿಗೆ ಬೇಡ ಎಂದು ಹೇಳಿ, ಅವಳು ಬರುವ ರಸ್ತೆಯ ಬಾಯಲ್ಲಿ ಬಿಸಿಲಿಗೆ ಅತ್ತಿತ್ತ ನಡೆಯುತ್ತಾ ನಿಂತ.