ಅಮರೇಶ್ವರಿ ಗುರುಗುಂಟಾ ಯಾರ ಮಗಳು?

ಭತ್ತದ ಚೀಲ ಹಾಡತೊಡಗಿತು.

ಜಯಶ್ರೀ ಕಿವಿಗೆ ಹಿಡಿದಿದ್ದ ಫೋನು ಇಳಿಸಿ ಅಂಗಳದಲ್ಲೇ ನಿಂತಳು. ಅವಳು ಕರೆ ಮಾಡಿದ್ದು ಅಕ್ಕನ ಮಗಳು ಮೌನೇಶ್ವರಿಗೆ. ಸದ್ದು ಬರುತ್ತಿದ್ದುದು ಪಡಸಾಲೆಯ ಚೀಲದಿಂದ. ಆ ಚೀಲದ ಬಾಯಿಯನ್ನು ಅಕ್ಕನ ಗಂಡ ಮುದುಕಪ್ಪ ದಬ್ಬಳದಿಂದ ಹೊಲಿಯುತ್ತಿದ್ದ. ಕೊನೆಯ ಗಂಟೊಂದೇ ಬಾಕಿ.

“ಮಾಮಾ, ಈ ಸಲ ಮುಕ್ಕುಂದದಾಗ ಹಾಡೋ ಭತ್ತ ಬೆಳದೀರೇನ್ರಿ?”

“ನಗಬ್ಯಾಡ ಜಯಾ. ನಿನ್ನ ಮುದ್ದಿನ ಮಗಳ ಫೋನು ಅದು. ಮುಂದಿನ ಸುಗ್ಗಿ ತನಕ ಅಲ್ಲೇ ಇರ್ಲಿ.”

ಮೌನೇಶ್ವರಿ ಕಂಬಕ್ಕೆ ಒರಗಿ ಕೂತಿದ್ದಳು. ಅತ್ತು ಅತ್ತು ಮೂಗು ಕೆಂಪಾಗಿತ್ತು. ಸಿಂಧನೂರಿನಲ್ಲಿ ಪಿಯುಸಿ ಮೊದಲ ವರ್ಷ ಓದುವ ಹುಡುಗಿ. ಹೋದ ವಾರವಷ್ಟೇ ಇನ್‌ಸ್ಟಾಗ್ರಾಮ್ ಖಾತೆ ತೆರೆದಿದ್ದಳು. ಇಂದು ಚಹಾದ ಹೋಟೆಲಿನಲ್ಲಿ ಅದೇ ಓಣಿಯ ಗಿಡ್ಡಪ್ಪ ತನ್ನ ಫೋನು ತೋರಿಸಿ, “ನಿನ್ನ ಮಗಳು ಎಷ್ಟು ಚಂದ ನಕ್ಕಾಳ ನೋಡು” ಎಂದಿದ್ದೇ ತಡ, ಮುದುಕಪ್ಪ ಅರ್ಧ ಲೋಟ ಚಹಾ ಅಲ್ಲೇ ಬಿಟ್ಟು ಮನೆಗೆ ಬಂದಿದ್ದ.

“ನಮ್ಮ ಕ್ಲಾಸಿನಾಗ ಎಲ್ಲಾರೂ ಇನ್‌ಸ್ಟಾಗ್ರಾಮಿನಾಗ ಅದಾರ ಚಿಗವ್ವ. ಅಪ್ಪ ಕಾಲೇಜೂ ಬಿಡಸ್ತೀನಿ ಅನ್ನಾಕತ್ತಾನ.”

ಜಯಶ್ರೀಯ ನಗು ಅಲ್ಲಿಗೇ ನಿಂತಿತು. ಫೋನಿಲ್ಲದೆ ಒಂದು ಸುಗ್ಗಿ ಕಳೆಯಬಹುದು. ಹುಡುಗಿ ಕಾಲೇಜು ಒಮ್ಮೆ ಬಿಟ್ಟರೆ ಬಿಟ್ಟಂತೆಯೇ. ಅವಳು ಹೋಗಿ ಆ ಚೀಲದ ಪಕ್ಕದಲ್ಲೇ ಕೂತಳು.

“ಮಾಮಾ, ನಿಮಗೊಂದು ವಿಷ್ಯ ಗೊತ್ತೈತೇನು? ಇಕಿ ಎರಡು ವರ್ಷದ ಕೂಸಿದ್ದಾಗಲೇ ಫೇಸ್‌ಬುಕ್ಕಿನಾಗ ಬಂದಾಳ.”

ದಬ್ಬಳ ನಿಂತಿತು. ಅಡುಗೆಮನೆಯಲ್ಲಿ ಅಕ್ಕ ಆದಮ್ಮ ರೊಟ್ಟಿ ಬಡಿಯುವ ಸದ್ದೂ ನಿಂತಿತು.

“ಜಯೀ, ಸುಮ್ಕ ಇರು,” ಎಂದಳು ಆದಮ್ಮ ಒಳಗಿನಿಂದ.

ಇನ್ನು ಸುಮ್ಮನಿರುವುದುಂಟೇ? ಆಗ ಜಯಶ್ರೀಗೆ ಹದಿನಾರು. ತವರಿಗೆ ಬಂದಿದ್ದ ಅಕ್ಕನನ್ನು ಬಳೆಯ ನೆಪ ಮಾಡಿ ಗುರುಗುಂಟಾದಿಂದ ಲಿಂಗಸುಗೂರಿಗೆ ಎಳೆದುಕೊಂಡು ಹೋಗಿದ್ದಳು. ಅಲ್ಲಿ ಹಸನ್‌ಸಾಬರ ಇಂಟರ್‌ನೆಟ್ ಸೆಂಟರು. ಪ್ಲೈವುಡ್ಡಿನ ಮರೆ, ಕಿರುಗುಟ್ಟುವ ಫ್ಯಾನು, ಅಕ್ಷರ ಸವೆದುಹೋದ ಕೀಬೋರ್ಡು. ಫೇಸ್‌ಬುಕ್ ಖಾತೆಗೆ ತನ್ನ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದಳು. ಹಾಲ್ ಟಿಕೆಟ್ಟು ಬಿಟ್ಟರೆ ಅದನ್ನು ಅಚ್ಚಿನಲ್ಲಿ ಕಂಡದ್ದು ಅದೇ ಮೊದಲು. ಕಂಪ್ಯೂಟರಿನ ಪುಟ್ಟ ಕ್ಯಾಮೆರಾ ಪಟ ಹೊಡೆಯುವ ಹೊತ್ತಿಗೆ ಆದಮ್ಮನ ಸೊಂಟದ ಮೇಲಿದ್ದ ಕೂಸು ಚಿಗವ್ವನ ಜಡೆಗೆ ಕೈ ಹಾಕಿತ್ತು.

“ಅರ್ಧ ಪಟದಾಗ ನನ್ನ ಹಲ್ಲು, ಇನ್ನರ್ಧದಾಗ ಇಕಿ ಮುಷ್ಟಿ! ಮೊದಲನೇ ಲೈಕ್ ಯಾರದು ಹೇಳ್ರಿ? ಕೌಂಟರಿನಾಗ ಕುಂತಿದ್ದ ಹಸನ್‌ಸಾಬರದು. ‘ಮುಬಾರಕ್ ಬೇಟಿ’ ಅಂದ್ರು. ಬಸ್ಸಿನಾಗ ದಾರಿ ತುಂಬ ನಕ್ಕೋತ ಬಂದ್ವಿ. ಕಂಡಕ್ಟರ್ ‘ಯಾಕ್ರವ್ವ, ಲಾಟ್ರಿ ಹತ್ತೈತೇನು’ ಅಂದ. ಹಂಗ ಅನಿಸಿತ್ತು ಖರೇನ.”

ಮುದುಕಪ್ಪ ಅಡುಗೆಮನೆಯತ್ತ ತಿರುಗಿದ. “ಬಳಿ ತರಾಕ ಹೋಗಿದ್ದೆ ಅಂದಿದ್ದಿ ನೀ.”

“ಬಳೀನೂ ತಂದಿದ್ನಲ್ಲ,” ಎಂದಳು ಆದಮ್ಮ.

ಮೌನೇಶ್ವರಿ ಕಣ್ಣೀರಿನ ನಡುವೆಯೇ ಕಿಸಕ್ಕನೆ ನಕ್ಕಳು. ಮುದುಕಪ್ಪ ಮಾತ್ರ ಬಗ್ಗಲಿಲ್ಲ. “ಆಗಿನ ಕಾಲ ಬ್ಯಾರೆ. ಈಗ ಅದರ ತುಂಬ ಕಳ್ಳರೇ ಹೊಕ್ಕಾರ.”

“ಖರೆ ಐತ್ರಿ ಮಾಮಾ. ಅದಕ್ಕ ಫೋನ್ ಹೊರಗ ತಗೀರಿ. ಕಣ್ಣೆದುರಿಗಿದ್ರ ಕಳ್ಳ ಯಾರಂತ ಗೊತ್ತಾಕ್ಕೈತಿ.”

ಮುದುಕಪ್ಪ ಗೊಣಗುತ್ತಲೇ ಹೊಲಿಗೆ ಬಿಚ್ಚಿದ. ಮೌನೇಶ್ವರಿ ಫೋನಿನ ಮೇಲಿನ ಹೊಟ್ಟು ಒರೆಸಿದಳು. ಒಂದರ ಮೇಲೊಂದು ಸಂದೇಶ ಬಂದು ಬಿದ್ದಿದ್ದವು. ಎಲ್ಲವೂ ‘ಅಮರೇಶ್ವರಿ ಗುರುಗುಂಟಾ’ ಎಂಬ ಹೆಸರಿನಿಂದ.

“ಯಾರಬೇ ಇಕಿ?” ಜಯಶ್ರೀ ಕೇಳಿದಳು.

“ಅವ್ವನ ತವರಿನಾಕಿ. ಗುರುಗುಂಟಾ ಅಂತ ಹಾಕ್ಯಾಳಲ್ಲ! ನಾ ಅಕ್ಕ ಅಂತ ಕರೀತೀನಿ.”

ಹುಡುಗಿ ಎಲ್ಲಿ ಎಡವಿದ್ದಾಳೆ ಎಂದು ಜಯಶ್ರೀಗೆ ತಿಳಿಯಿತು. ಈ ಸೀಮೆಯಲ್ಲಿ ಹೆಸರಿನ ಜೊತೆ ಊರು ಸೇರಿದರೆ ಅರ್ಧ ನೆಂಟಸ್ತನ ಆದಂತೆಯೇ. ಅದರಲ್ಲೂ ಗುರುಗುಂಟಾ ಎಂದರೆ ಅಮರೇಶ್ವರ ದೇವರ ಸೀಮೆ. ಅಲ್ಲಿ ಅಮರೇಶ್ವರಿ ಎಂದು ಕೂಗಿದರೆ ಓಣಿಗೆ ಒಬ್ಬಳು ತಿರುಗಿ ನೋಡುತ್ತಾಳೆ.

ಆದಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. “ಬಾಗಿಲಿಗೆ ಬಂದವರಿಗೆ ನೀರು ಕೊಟ್ಟು, ಯಾವ ಓಣಿ, ಯಾರ ಪೈಕಿ ಅಂತ ಕೇಳತೀವಿ. ಫೋನಿನಾಗ ಬಂದಾಕಿನ್ನ ಕೇಳಿಲ್ಲೇನು ನೀ? ಯಾರ ಮಗಳು ಕೇಳು.”

ಮೌನೇಶ್ವರಿ ಕೇಳಿದಳು. ಉತ್ತರ ತಕ್ಷಣ ಬಂತು: “ಆಮೇಲೆ ಹೇಳ್ತೀನಿ. ನಿನ್ನ ಫೋನಿಗೆ ಒಂದು ನಂಬರ್ ಬಂದಿದೆ, ಕಳಿಸು. ಐದು ಸಾವಿರ ಫಾಲೋವರ್ಸ್ ಕೊಡಿಸ್ತೀನಿ.”

ಹುಡುಗಿಯ ಕಣ್ಣು ಅಗಲವಾದವು. “ಚಿಗವ್ವ, ನನಗ ಇರೋರೇ ಹನ್ನೊಂದು ಮಂದಿ. ಅದರಾಗ ಒಬ್ಬ ಗಿಡ್ಡಪ್ಪ ಕಾಕಾ.”

“ಆ ನಂಬರು ಅಂದ್ರ ಒಟಿಪಿ, ನಿನ್ನ ಖಾತೆ ಕೀಲಿಕೈ,” ಎಂದಳು ಜಯಶ್ರೀ. “ಕೊಟ್ಟಿ ಅಂದ್ರ ನಿನ್ನ ಹೆಸರು, ನಿನ್ನ ಪಟ ಅವರ ಕೈಗೆ. ನಿನ್ನ ಗೆಳತ್ಯಾರಿಗೆ ನಿನ್ನ ಹೆಸರಿನ್ಯಾಗೇ ಮೋಸ ಮಾಡ್ತಾರ. ಮಸ್ಕಿಯಾಗ ನನ್ನ ಆನ್‌ಲೈನ್ ಸೆಂಟರಿಗೆ ಇಂಥಾ ಹುಡುಗ್ಯಾರು ಅಳಕೋತ ಬರ್ತಾರ. ‘ಮೊದಲೇ ಯಾಕ ಹೇಳ್ಲಿಲ್ಲಬೇ’ ಅಂದ್ರ, ‘ಮನ್ಯಾಗ ಫೋನ್ ಕಸಗೋತಾರ, ಕಾಲೇಜು ಬಿಡಸ್ತಾರ’ ಅಂತಾರ. ಅಂಜಿ ಕುಂತು ಕೆಡತಾರ ಮಾಮಾ.”

ಮುದುಕಪ್ಪ ದಬ್ಬಳವನ್ನು ಗೋಡೆಯ ಸಂದಿಗೆ ಸಿಕ್ಕಿಸಿದ.

“ಕಾಲೇಜು ಬಿಡಸೋ ಮಾತು ಬಿಡು,” ಎಂದ ಮಗಳಿಗೆ. “ಹಿಂಗ ಯಾರರ ಏನರ ಕೇಳಿದ್ರ ಮೊದಲು ನನಗ ಹೇಳಬೇಕು.”

“ಹೇಳಿದ್ರ ಬೈಯಂಗಿಲ್ಲ?”

“ಬೈತೀನಿ. ಫೋನ್ ಕಸಗೊಳ್ಳಂಗಿಲ್ಲ.”

ಜಯಶ್ರೀ ಸೆಟ್ಟಿಂಗ್ಸ್‌ಗೆ ಹೋಗಿ ಖಾತೆಯನ್ನು ಪ್ರೈವೇಟ್ ಮಾಡಿಸಿದಳು. ಇನ್ನು ಮುಂದೆ ಮೌನೇಶ್ವರಿ ಒಪ್ಪಿದವರಿಗಷ್ಟೇ ಅವಳ ನಗು ಕಾಣುತ್ತದೆ. ಅಷ್ಟರಲ್ಲಿ ಫೋನು ಮತ್ತೆ ಮಿನುಗಿತು: “ಬೇಗ ಕಳಿಸು. ಹತ್ತು ಸಾವಿರ ಮಾಡಿಸ್ತೀನಿ.”

ಮೌನೇಶ್ವರಿ ಉತ್ತರ ಬರೆಯುವಷ್ಟರಲ್ಲಿ, ಇದನ್ನು ಓದುತ್ತಿರುವ ಅವ್ವ, ಅಪ್ಪ, ಅಕ್ಕ, ಅಣ್ಣ, ನಿಮಗೊಂದು ಮಾತು. ನಿಮ್ಮ ಮನೆಯ ಮಕ್ಕಳಿಗೂ ಹೊಸ ಖಾತೆ ತೆರೆದ ಖುಷಿ ಇದೆ. ಆ ಖುಷಿಗೆ ಬಯ್ಯಬೇಡಿ, ಪಕ್ಕದಲ್ಲಿ ಕೂತು ನೋಡಿ. ಊರಿನ ಹೆಸರು ಕಂಡ ಮಾತ್ರಕ್ಕೆ ಯಾರೂ ನಮ್ಮವರಲ್ಲ. ಯಾರ ಪೈಕಿ ಎಂದು ಕೇಳುವುದನ್ನು ಕಲಿಸಿ. ಫೋನಿಗೆ ಬಂದ ಒಟಿಪಿ ಯಾರಿಗೂ ಕೊಡಬೇಡಿ. ಆನ್‌ಲೈನ್ ಮೋಸದಲ್ಲಿ ಹಣ ಹೋದರೆ ತಡಮಾಡದೆ 1930ಕ್ಕೆ, ಮಕ್ಕಳಿಗೆ ಯಾರಾದರೂ ಕಾಟ ಕೊಟ್ಟರೆ 1098ಕ್ಕೆ ಕರೆ ಮಾಡಿ. ಎಲ್ಲಕ್ಕಿಂತ ಮೊದಲು, ಮಕ್ಕಳು ಬಂದು ನಿಮಗೇ ಹೇಳುವಂತಿರಲಿ ನಿಮ್ಮ ಮನೆ.

ದೊಡ್ಡವರು ಮೂವರೂ ಫೋನಿನ ಮೇಲೆ ಬಾಗಿದ್ದರು. ಮೌನೇಶ್ವರಿ ಯಾರ ಮುಖವನ್ನೂ ನೋಡದೆ ಬರೆದು, ಕಳಿಸಿಯೇಬಿಟ್ಟಳು:

“ಬ್ಯಾಡ. ನಂಬರ್ ಕೊಡೂದಿಲ್ಲ.”