ದಾಟಿದ ದೀಪ

ಆ ಸಂಜೆ ಮನೆಯಲ್ಲಿ ಎಲ್ಲವೂ ಎಂದಿನಂತೆಯೇ ಇತ್ತು. ಲಿಫ್ಟ್ ರಿಪೇರಿಯವನು ಕೈಗಂಟಿದ ಗ್ರೀಸನ್ನು ಸೋಪು ಹಚ್ಚಿ ಉಜ್ಜುತ್ತಿದ್ದ. ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದಳು. ಒಂಬತ್ತು ವರ್ಷದ ಮಗಳು ಮಾತ್ರ ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಮುದುಡಿದ್ದಳು. ಮಧ್ಯಾಹ್ನ ಹೊಕ್ಕುಳ ಸುತ್ತ ಶುರುವಾದ ನೋವು ಈಗ ಬಲಗಡೆಗೆ ಇಳಿದಿತ್ತು.

"ನಡೀರಿ, ಆಸ್ಪತ್ರೆಗೆ ಹೋಗೋಣ," ಎಂದಳು ಹೆಂಡತಿ.

"ತಡಿಯೇ, ದೀಪ ಬರ್ಲಿ," ಎಂದಳು ಅವನ ತಾಯಿ, ಕಿಟಕಿಯಿಂದ ಕಣ್ಣು ಕೀಳದೆ.

ಮೂಢನಂಬಿಕೆ ಮುತ್ತಜ್ಜನ ಕಾಲದ್ದೇ ಆಗಬೇಕೆಂದೇನೂ ಇಲ್ಲ. ಇಪ್ಪತ್ತು ವರ್ಷ ಸಾಕು, ಬೇರು ಬಿಡುತ್ತದೆ. ಆ ಬೀದಿಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ, ಸಂಜೆ ಆಕಾಶದಲ್ಲಿ ಸದ್ದಿಲ್ಲದೆ ನಡೆದುಹೋಗುವ ಬೆಳಕನ್ನು ಕಾಯುತ್ತಿದ್ದರು. ಅದು ಈ ಅಂಚಿನಿಂದ ಆ ಅಂಚಿಗೆ ದಾಟಿದರೆ ರೋಗಿ ಬದುಕಿದಂತೆ. ನಡುವೆ ಆರಿದರೆ ಆಸ್ಪತ್ರೆಗೆ ಒಯ್ಯುವಂತಿಲ್ಲ. ಹೋಗುವ ಜೀವ ಮನೆಯಲ್ಲೇ ಹೋಗಲಿ.

ಏಳೂವರೆಗೆ ಬೆಳಕು ಬಂತು. ಪಡುವಣದಿಂದ ಏರಿ, ನೆತ್ತಿಯ ಹತ್ತಿರ ಬಂದು, ಮಂಕಾಗಿ ಆರಿತು. ಮುದುಕಿ ಅಂಗೈಯನ್ನು ಬಾಯಿಗೆ ಒತ್ತಿಕೊಂಡಳು.

"ಅಮ್ಮಾ, ಅದು ಆರ್ಲಿಲ್ಲ," ಎಂದ ಅವನು. "ಅದು ಮನುಷ್ಯರು ಕಟ್ಟಿರೋ ಬಾಹ್ಯಾಕಾಶ ನಿಲ್ದಾಣ. ಒಳಗೆ ಜನ ಇದಾರೆ. ನಮಗೆ ಕತ್ತಲಾದ್ರೂ ಅಷ್ಟೆತ್ತರದಲ್ಲಿ ಇನ್ನೂ ಬಿಸಿಲು ಇರುತ್ತೆ, ಅದಕ್ಕೇ ಹೊಳೆಯೋದು. ಭೂಮಿ ನೆರಳೊಳಗೆ ಹೋದ್ರೆ ಕಾಣಲ್ಲ, ಅಷ್ಟೇ."

"ಜನ ಇದಾರಂತೆ ಜನ! ಕಂಬ ಇಲ್ಲ, ಹಗ್ಗ ಇಲ್ಲ, ಬೀಳಲ್ವೇನೋ?"

"ಬೀಳ್ತಾನೇ ಇದೆ. ಹಗ್ಗ ಕಡಿದ ಲಿಫ್ಟ್ ಥರ. ಆದ್ರೆ ಅಡ್ಡಡ್ಡ ಎಷ್ಟು ಜೋರಾಗಿ ಓಡ್ತಿದೆ ಅಂದ್ರೆ, ಅದು ಬೀಳೋ ಅಷ್ಟೇ ನೆಲಾನೂ ಬಾಗಿ ಕೆಳಗೆ ಸರೀತಾ ಹೋಗುತ್ತೆ. ಭೂಮಿ ದುಂಡಗಿದೆಯಲ್ಲಮ್ಮ. ಬೀಳೋದು ನಿಲ್ಲಲ್ಲ, ನೆಲ ಸಿಗಲ್ಲ."

"ನೀನು ರಿಪೇರಿಗೆ ಹೋಗ್ತಿರೋ ಆಫೀಸಿನ ಲಿಫ್ಟ್ ಆರು ದಿನದಿಂದ ಕೆಟ್ಟು ನಿಂತಿದೆಯಂತೆ, ಅದನ್ನ ಮೊದ್ಲು ಎತ್ತಪ್ಪಾ, ಆಮೇಲೆ ಆಕಾಶಕ್ಕೆ ಕೈ ಹಾಕು! ನಿಮ್ಮಪ್ಪಂಗೂ ಹೀಗೇ ಆರಿತ್ತು. ನನ್ನ ಮಾತು ಮೀರಿ ನೀನು ಆಸ್ಪತ್ರೆಗೆ ಒಯ್ದೆ, ಬಟ್ಟೆ ಸುತ್ತಿ ವಾಪಸ್ ತಂದೆ. ಇವತ್ತು ಹೋಗೋದಾದ್ರೆ ನನ್ನ ಹೆಣ ದಾಟ್ಕೊಂಡು ಹೋಗು." ಅವಳು ಹೊಸ್ತಿಲ ಮೇಲೆ ಕುಳಿತೇಬಿಟ್ಟಳು.

ಅಪ್ಪನ ಹೆಸರೆತ್ತಿದರೆ ಅವನ ಬಾಯಿ ಕಟ್ಟಿಹೋಗುತ್ತಿತ್ತು. ಮೊಬೈಲಿನಲ್ಲಿ ನಾಳೆ ನಿಲ್ದಾಣ ಕಾಣುವ ಹೊತ್ತು ನೋಡಿದ. ನಾಳೆ ಮುಕ್ಕಾಲು ಗಂಟೆ ಮೊದಲೇ ಬರುತ್ತದೆ, ಆಗ ನೆರಳು ಅಷ್ಟು ಮೇಲಕ್ಕೆ ಏರಿರುವುದಿಲ್ಲ, ಪೂರ್ತಿ ದಾಟುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಣತನ ಹೊಳೆಯಿತು.

"ನಾಳೆ ದಾಟುತ್ತೆ, ನೋಡ್ತಿರಮ್ಮ," ಎಂದ ತಾಯಿಗೆ. ಹೆಂಡತಿಯನ್ನು ಅಡುಗೆಮನೆಗೆ ಕರೆದು, "ಒಂದೇ ದಿನ ಕಣೇ. ಕಣ್ಣಾರೆ ನೋಡಿದ್ಮೇಲೆ ಅಮ್ಮ ತಾನೇ ಬಾಗಿಲು ಬಿಡ್ತಾಳೆ," ಎಂದ.

"ನೋವಿಗೆ ನಾಳೆ ಅಂದ್ರೆ ಗೊತ್ತಾಗುತ್ತಾ?" ಎಂದಳು ಅವಳು.

ಮರುದಿನ ಮಗು ಮತ್ತೆ ಮತ್ತೆ ವಾಂತಿ ಮಾಡಿಕೊಂಡಿತು. ಮೈ ಕೆಂಡದಂತೆ ಸುಡುತ್ತಿತ್ತು. ಮಧ್ಯಾಹ್ನ ಇದ್ದಕ್ಕಿದ್ದಂತೆ ನೋವು ಇಳಿಯಿತೆಂದಿತು, ಎಲ್ಲರೂ ಉಸಿರುಬಿಟ್ಟರು. ಸಂಜೆ ಬೆಳಕು ಬಂತು. ನೆತ್ತಿ ದಾಟಿ, ಮೂಡಣದ ಮನೆಗಳ ಹಿಂದೆ ಇಳಿಯಿತು.

"ದಾಟಿತು! ಬದುಕಿತು ನನ್ನ ಬಂಗಾರ!" ಮುದುಕಿ ಅತ್ತಳು, ನಕ್ಕಳು, ಮಗುವಿನ ಹಣೆಗೆ ಮುತ್ತಿಟ್ಟಳು.

"ಹಾಗಾದ್ರೆ ಹೊರಡೋಣ," ಎಂದು ಅವನು ಮಗುವನ್ನೆತ್ತಿಕೊಂಡ.

"ಎಲ್ಲಿಗೆ?" ಮುದುಕಿ ಮತ್ತೆ ಬಾಗಿಲಿಗೆ ಅಡ್ಡ ಬಂದಳು. "ದಾಟಿದ್ಮೇಲೆ ಆಸ್ಪತ್ರೆ ಯಾಕೋ? ವಾಸಿಯಾಗೋ ಮಗೂನ ಕತ್ತರಿಗೆ ಕೊಡ್ತೀಯಾ? ದಾಟುತ್ತೆ ನೋಡು ಅಂತ ನೀನೇ ಹೇಳಿದ್ದಲ್ವಾ!"

ಆರಿದರೆ ಆಸ್ಪತ್ರೆ ದಂಡ, ದಾಟಿದರೆ ಆಸ್ಪತ್ರೆ ಬೇಡ. ಆ ನಂಬಿಕೆಗೆ ಎರಡೂ ಕಡೆ ಬೀಗವಿತ್ತು, ಎರಡನೆಯದನ್ನು ಅವನೇ ಕೈಯಾರೆ ಹಾಕಿದ್ದ. ಹೆಂಡತಿ ಮಗುವನ್ನು ಅವನ ತೋಳಿನಿಂದ ಕಿತ್ತುಕೊಂಡು, ಅತ್ತೆಯನ್ನು ಪಕ್ಕಕ್ಕೆ ಸರಿಸಿ, ಬರಿಗಾಲಲ್ಲೇ ಮೆಟ್ಟಿಲಿಳಿದಳು. ಅವನು ಹಿಂದೆ ಓಡಿದ.

"ಅಪೆಂಡಿಕ್ಸ್ ಒಡೆದು ತುಂಬಾ ಹೊತ್ತಾಗಿದೆ. ಹೊಟ್ಟೆಯೆಲ್ಲ ಕೀವು," ಎಂದರು ಡಾಕ್ಟರು. "ನಿನ್ನೆಯೇ ಯಾಕೆ ತರಲಿಲ್ಲ?"

ಆಸ್ಪತ್ರೆ ಸೇರಿದ ಮೂರನೆಯ ದಿನ ಬೆಳಿಗ್ಗೆ ಮಗು ತೀರಿಕೊಂಡಿತು. ಆಸ್ಪತ್ರೆಯ ಬೆಂಚಿನ ಮೇಲೆ ಮುದುಕಿ ಎದೆ ಬಡಿದುಕೊಳ್ಳುತ್ತಿದ್ದಳು: "ದಾಟಿತ್ತಲ್ಲೋ! ನನ್ನ ಕಣ್ಣಾರೆ ದಾಟಿತ್ತಲ್ಲೋ!"

"ಅಮ್ಮನಿಗೆ ಎಷ್ಟು ಬಿಡಿಸಿ ಹೇಳಿದೆ," ಎಂದ ಅವನು, ಹೆಂಡತಿಯ ಪಕ್ಕದಲ್ಲಿ ಕುಸಿಯುತ್ತ. "ನೀನೇ ಕೇಳಿದೆಯಲ್ಲ. ಅವಳಿಗೆ ತಿಳೀಲೇ ಇಲ್ಲ."

"ಹೌದು, ಅತ್ತೆಗೆ ತಿಳೀಲಿಲ್ಲ," ಎಂದಳು ಅವಳು, ಅವನತ್ತ ತಿರುಗದೆ. "ನಿಮಗೆ ತಿಳಿದಿತ್ತು."